ಒಡೆಯದೆ ಹಸಿರಾಗಲಿ ಹತ್ತಡಿ ಕೋಣೆ, ಪುಟ್ಟ ಬಚ್ಚಲು

ಬೆಂಗಳೂರಿನ 20×30 ಸೈಟಿನ ಮನೆಗಳಲ್ಲಿ ಮಲಗುವ ಕೋಣೆ ಹತ್ತಡಿಗೆ ಹತ್ತಡಿ ಸಿಕ್ಕರೆ ಪುಣ್ಯ. ಬಚ್ಚಲು ನಾಲ್ಕಡಿಗೆ ಏಳಡಿ. ಅದರಲ್ಲೇ ಕಮೋಡು, ಅದರಲ್ಲೇ ಸ್ನಾನ, ಎಷ್ಟೋ ಮನೆಗಳಲ್ಲಿ ಅದರಲ್ಲೇ ವಾಷಿಂಗ್ ಮಷೀನು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್, ಕಮೋಡು ಸೇರಿದ ಬಚ್ಚಲಿಗೆ ಕನಿಷ್ಠ 2.8 ಚದರ ಮೀಟರ್ ಇರಬೇಕು. ನಮ್ಮ ಹತ್ತಡಿ ಕೋಣೆ, ನಾಲ್ಕಡಿ ಬಚ್ಚಲು ಎರಡೂ ಈ ಗೆರೆಗಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲುತ್ತವೆ.

ಇಂಥ ಮನೆಗೆ ಇಂಟೀರಿಯರ್ ಮಾಡಿಸಲು ಹೊರಟವರ ಕೈಗೆ ಬರುವ ಕೊಟೇಶನ್ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಹಳೆ ಟೈಲ್ಸ್ ಒಡೆದು ಹೊಸತು, ಫಾಲ್ಸ್ ಸೀಲಿಂಗ್, ನೆಲದಿಂದ ಸೂರಿನವರೆಗೆ ವಾರ್ಡ್‌ರೋಬ್, ಕೆಳಗೆ ಪೆಟ್ಟಿಗೆಯಿರುವ ದೊಡ್ಡ ಮಂಚ. ಪರಿಸರಸ್ನೇಹಿ ಬೇಕು ಎಂದು ಬಾಯಿಬಿಟ್ಟು ಕೇಳಿದರೆ ಇದೇ ಪಟ್ಟಿಗೆ ಬಿದಿರಿನ ಲ್ಯಾಂಪು, ನಾಲ್ಕು ಕುಂಡ, ಸೆಣಬಿನ ಚಾಪೆ ಸೇರುತ್ತವೆ. ಮೊತ್ತಕ್ಕೂ ಒಂದಿಷ್ಟು ಸೇರುತ್ತದೆ. ನನ್ನ ಮಟ್ಟಿಗೆ, ಸಣ್ಣ ಮನೆಯಲ್ಲಿ ಹಸಿರಿನ ಲೆಕ್ಕ ಶುರುವಾಗುವುದು ಕೊಳ್ಳದೆ ಬಿಟ್ಟ ಸಾಮಾನಿನಿಂದ. ಜಾಗವೂ ಉಳಿಯಿತು, ದುಡ್ಡೂ ಉಳಿಯಿತು. ಖರ್ಚು ಮಾಡಲೇಬೇಕಾದದ್ದು ಮೂರಕ್ಕೆ: ನೀರು, ಗಾಳಿ, ಮತ್ತು ನಾವು ರಾತ್ರಿಯಿಡೀ ಉಸಿರಾಡುವ ಮರಮುಟ್ಟು. ಅಲಂಕಾರ ಆಮೇಲಿನ ಮಾತು.

ಸುತ್ತಿಗೆ ಎತ್ತುವ ಮೊದಲು

ಬಚ್ಚಲಿನ ಟೈಲ್ಸ್ ಹಳೆಯ ಕಾಲದ್ದು, ಬಣ್ಣ ಹಿಡಿಸುತ್ತಿಲ್ಲ ಎಂಬುದೇ ಎಷ್ಟೋ ನವೀಕರಣಗಳಿಗೆ ಕಾರಣ. ಟೈಲ್ಸನ್ನು ಸಾವಿರ ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ಸುಟ್ಟಿರುತ್ತಾರೆ. ದೇಶದ ಟೈಲ್ಸಿನ ಬಹುಪಾಲು ಗುಜರಾತಿನ ಮೋರ್ಬಿಯಿಂದ ಲಾರಿ ಏರಿ ಬರುತ್ತದೆ. ಅದನ್ನು ಕೂರಿಸಲು ಸಿಮೆಂಟ್ ಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತದೆ. ಒಡೆದ ಹಳೆ ಟೈಲ್ಸು ಎಲ್ಲಿಗೆ ಹೋಗುತ್ತದೆಂದು ತಿಳಿಯಬೇಕಾದರೆ ಹೊರವರ್ತುಲ ರಸ್ತೆಯ ಖಾಲಿ ಸೈಟುಗಳನ್ನೂ ಕೆರೆಯ ಅಂಚುಗಳನ್ನೂ ನೋಡಿದರೆ ಸಾಕು. ಕಟ್ಟಡ ತ್ಯಾಜ್ಯಕ್ಕೆಂದೇ 2016ರಲ್ಲಿ ಪ್ರತ್ಯೇಕ ನಿಯಮ ಬಂದಿದ್ದರೂ ರಾತ್ರಿ ಹೊತ್ತು ಸುರಿದು ಹೋಗುವ ಟ್ರ್ಯಾಕ್ಟರುಗಳು ನಿಂತಿಲ್ಲ.

ಹಾಗಾಗಿ ಮೊದಲು ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಮಾತ್ರ ಅದು ಹಿಡಿತ ಬಿಟ್ಟಿದೆ ಎಂದರ್ಥ. ಗಟ್ಟಿಯಾಗಿದ್ದು ಕೊಳೆ ಮಾತ್ರ ಕಾಣುತ್ತಿದ್ದರೆ, ಆ ಕೊಳೆ ಸಾಮಾನ್ಯವಾಗಿ ಇರುವುದು ಟೈಲ್ಸಿನ ಮೇಲಲ್ಲ, ಸಂದಿಯಲ್ಲಿ. ಹಳೆ ಗ್ರೌಟ್ ಕೆರೆದು ತೆಗೆಸಿ ಎಪಾಕ್ಸಿ ಗ್ರೌಟ್ ತುಂಬಿಸಿದರೆ ಇಡೀ ಗೋಡೆ ಹೊಸದಾದಂತೆ ಕಾಣುತ್ತದೆ, ಒಂದು ದಿನದ ಕೆಲಸ. ಬಣ್ಣ ಬದಲಾಗಲೇಬೇಕೆಂದರೆ ಗಟ್ಟಿಯಾಗಿರುವ ಹಳೆ ಟೈಲ್ಸಿನ ಮೇಲೆಯೇ ಅಂಟಿನಿಂದ ಹೊಸ ಟೈಲ್ಸ್ ಕೂರಿಸಬಹುದು. ನೆಲ ಅರ್ಧ ಇಂಚಿನಷ್ಟು ಏರುತ್ತದೆ, ಬಾಗಿಲಿನ ಕೆಳಗಂಚು ಕೊಯ್ಯಬೇಕಾಗುತ್ತದೆ, ನಹಾನಿ ಟ್ರ್ಯಾಪಿನ ಜಾಲರಿಯನ್ನು ಮೇಲೆತ್ತಬೇಕಾಗುತ್ತದೆ. ಇಷ್ಟನ್ನೂ ಮೇಸ್ತ್ರಿಗೆ ಮೊದಲೇ ಹೇಳಿರಬೇಕು.

ಒಂದೇ ಒಂದು ಸಂದರ್ಭದಲ್ಲಿ ಒಡೆಯದೆ ವಿಧಿಯಿಲ್ಲ. ಕೆಳಮನೆಯ ಸೂರಿನಲ್ಲಿ ನೀರು ಜಿನುಗುತ್ತಿದ್ದರೆ ಅಥವಾ ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ ಬಣ್ಣ ಉಬ್ಬಿ ಉದುರುತ್ತಿದ್ದರೆ ವಾಟರ್‌ಪ್ರೂಫಿಂಗ್ ಸತ್ತಿದೆ. ಅದರ ಮೇಲೆ ಟೈಲ್ಸ್ ಕೂರಿಸಿದರೆ ರೋಗ ಮುಚ್ಚಿಟ್ಟಂತೆ. ಆಗ ನೆಲ ಬಿಚ್ಚಿ, ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಕಟ್ಟಿ ನಿಲ್ಲಿಸಿ ಒಂದೆರಡು ದಿನ ಪರೀಕ್ಷಿಸಿದ ಮೇಲಷ್ಟೇ ಮುಂದಿನ ಕೆಲಸಕ್ಕೆ ಬಿಡಬೇಕು. ಮೇಸ್ತ್ರಿಗೆ ಅವಸರವಿರುತ್ತದೆ, ನಿಮಗೆ ಇರಬಾರದು.

ಹೀಗೆ ನೆಲ ಬಿಚ್ಚಲೇಬೇಕಾದವರಿಗೆ ನಮ್ಮದೇ ರಾಜ್ಯದ ಕಲ್ಲು ಒಳ್ಳೆಯ ಆಯ್ಕೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲನ್ನು ಸುಡುವ ಕೆಲಸವಿಲ್ಲ, ಕೊಯ್ದು ತರುವುದಷ್ಟೇ. ಪಾಲಿಶ್ ಮಾಡಿಸದ ಮೇಲ್ಮೈ ಒದ್ದೆಯಲ್ಲೂ ಜಾರುವುದಿಲ್ಲ, ವಯಸ್ಸಾದವರಿರುವ ಮನೆಗೆ ಇದು ದೊಡ್ಡ ಮಾತು. ಆದರೆ ಅದು ಸುಣ್ಣದ ಕಲ್ಲು. ಆಸಿಡ್ ತಗುಲಿದರೆ ನೊರೆಯೆದ್ದು ಸವೆಯುತ್ತದೆ. ಬಚ್ಚಲು ತೊಳೆಯಲು ಆಸಿಡ್ ಬಾಟಲಿ ಹಿಡಿಯುವ ಅಭ್ಯಾಸ ಬಿಡಲಾರದವರು ಗ್ರಾನೈಟ್ ತುಂಡುಗಳನ್ನು ಹಾಕಿಸುವುದು ವಾಸಿ. ಗ್ರಾನೈಟ್ ಅಂಗಡಿಗಳ ಹಿತ್ತಲಿನಲ್ಲಿ ದೊಡ್ಡ ಸ್ಲ್ಯಾಬು ಕೊಯ್ದು ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. ಇಪ್ಪತ್ತೆಂಟು ಚದರಡಿಯ ನೆಲಕ್ಕೆ ಆ ರಾಶಿಯಲ್ಲೇ ಸಾಕಷ್ಟು ಸಿಗುತ್ತದೆ, ಬೆಲೆಯೂ ಇಳಿಯುತ್ತದೆ. ಮೇಲ್ಮೈಯನ್ನು ಮಾತ್ರ ಒರಟು ಮಾಡಿಸಿಕೊಳ್ಳಿ.

ಮಲಗುವ ಕೋಣೆಗೆ ಕೆಂಪು ಆಕ್ಸೈಡ್ ನೆಲದ ಆಸೆ ಈಗ ಮತ್ತೆ ಚಿಗುರಿದೆ. ಬರಿಗಾಲಿಗೆ ಅಷ್ಟು ತಂಪಾದ, ವರ್ಷ ಕಳೆದಷ್ಟೂ ಮಿರುಗುವ ನೆಲ ಇನ್ನೊಂದಿಲ್ಲ. ಕಾಂಕ್ರೀಟ್ ತಳದ ಮೇಲೆ ಗಾರೆ ಹಾಕಿ, ಅದು ಇನ್ನೂ ಹಸಿಯಿರುವಾಗಲೇ ಸಿಮೆಂಟ್ ಬೆರೆಸಿದ ಕೆಂಪು ಪುಡಿಯ ತೆಳು ಪದರ ಎಳೆದು, ಕರಣೆಯಲ್ಲಿ ಒತ್ತಿ ಒತ್ತಿ ಉಜ್ಜುತ್ತಾರೆ. ಬಳಿಕ ವಾರಕ್ಕೂ ಹೆಚ್ಚು ಕಾಲ ನೀರು ನಿಲ್ಲಿಸಿ ಪಕ್ವಗೊಳಿಸಬೇಕು. ಕೊನೆಗೆ ಕೊಬ್ಬರಿ ಎಣ್ಣೆಯೋ ಮೇಣವೋ ತಿಕ್ಕಬೇಕು. ಇದೆಲ್ಲ ಹೊಸದಾಗಿ ಕಟ್ಟುತ್ತಿರುವ ಮನೆಗೆ ಸರಿ. ಈಗಿರುವ ವಿಟ್ರಿಫೈಡ್ ಟೈಲ್ಸ್ ಕಿತ್ತು ಆಕ್ಸೈಡ್ ನೆಲ ಮಾಡಿಸುವುದು ಪರಿಸರದ ಹೆಸರಿನಲ್ಲಿ ಮಾಡುವ ದುಂದು. ಕೈ ಪಳಗಿದ ಗಾರೆಯವರು ಸಿಗದಿದ್ದರಂತೂ ನೆಲದ ತುಂಬ ಬಿರುಕು.

ನಲ್ಲಿಯಲ್ಲಿದೆ ನಿಜವಾದ ಲೆಕ್ಕ

ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಮಾಡಿ ತರುತ್ತಾರೆ. ಅಂದರೆ ಬಚ್ಚಲಿನಲ್ಲಿ ಚೆಲ್ಲಿದ ಪ್ರತಿ ಬಕೆಟ್ಟಿನ ಜೊತೆಗೆ ಕರೆಂಟೂ ಚರಂಡಿ ಸೇರುತ್ತದೆ. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಲೆಕ್ಕಾಚಾರ. ಅದರಲ್ಲಿ ದೊಡ್ಡ ಪಾಲು ಹೋಗುವುದು ಈ ನಾಲ್ಕಡಿ ಬಚ್ಚಲಿಗೇ.

ನಿಮ್ಮ ನಲ್ಲಿ ಎಷ್ಟು ಸುರಿಸುತ್ತದೆಂದು ಈಗಲೇ ಅಳೆಯಬಹುದು. ಒಂದು ಲೀಟರಿನ ನೀರಿನ ಬಾಟಲಿ ಹಿಡಿಯಿರಿ, ವಾಷ್‌ಬೇಸಿನ್ ನಲ್ಲಿಯನ್ನು ಪೂರ್ತಿ ತಿರುಗಿಸಿ, ಮೊಬೈಲಿನಲ್ಲಿ ಸೆಕೆಂಡು ನೋಡಿ. ಐದು ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12 ಲೀಟರ್. ಹಲ್ಲುಜ್ಜುತ್ತ ಎರಡು ನಿಮಿಷ ಬಿಟ್ಟುಕೊಂಡರೆ ಒಂದು ಸ್ನಾನದ ನೀರು ಹೋಯಿತು. ನಲ್ಲಿಯ ಮೂತಿಗೆ ತಿರುಗಿಸಿ ಕೂರಿಸುವ ಏರೇಟರ್ ಎಂಬ ಪುಟ್ಟ ಜಾಲರಿ ನೀರಿಗೆ ಗಾಳಿ ಬೆರೆಸಿ ಇದನ್ನು ನಿಮಿಷಕ್ಕೆ 3ರಿಂದ 6 ಲೀಟರಿಗೆ ಇಳಿಸುತ್ತದೆ. 2024ರ ಬೇಸಿಗೆಯಲ್ಲಿ ನೀರಿನ ಬವಣೆ ವಿಪರೀತವಾದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯ ಮಾಡಿದ್ದು ಇದನ್ನೇ. ನೂರಿನ್ನೂರು ರೂಪಾಯಿಯ ಸಾಮಾನು, ಕೈಯಲ್ಲೇ ಕೂರಿಸಬಹುದು.

ಅಂಗಡಿಯವರು ಹೇಳದ ಮಾತೊಂದಿದೆ. ಬಕೆಟ್ ತುಂಬಿಸುವ ನಲ್ಲಿಗೆ ಏರೇಟರ್ ಹಾಕಿ ಪ್ರಯೋಜನವಿಲ್ಲ. ಬಕೆಟ್ಟಿಗೆ ಇಪ್ಪತ್ತು ಲೀಟರ್ ಬೇಕಾದರೆ ಇಪ್ಪತ್ತೇ ಬೇಕು. ತುಂಬಲು ಹೊತ್ತು ಹಿಡಿಯುತ್ತದೆ, ಅಷ್ಟೇ. ಅದು ಸಲ್ಲುವುದು ಕೈತೊಳೆಯುವ ಬೇಸಿನ್ನಿಗೆ, ಅಡುಗೆಮನೆಯ ಸಿಂಕಿಗೆ. ಬೋರ್‌ವೆಲ್ ನೀರಿದ್ದರೆ ಜಾಲರಿಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲೋ ವಿನೆಗರಿನಲ್ಲೋ ರಾತ್ರಿ ನೆನೆಹಾಕಿದರೆ ಬಿಡುತ್ತದೆ.

ಕಮೋಡಿನ ವಿಷಯ ಇದಕ್ಕಿಂತ ದೊಡ್ಡದು. ಹಳೆ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಹತ್ತು ಲೀಟರ್ ಸುರಿಯುತ್ತದೆ. ಎರಡು ಗುಂಡಿಯ ಹೊಸ ಟ್ಯಾಂಕಿನಲ್ಲಿ ಚಿಕ್ಕ ಗುಂಡಿಗೆ ಮೂರು, ದೊಡ್ಡದಕ್ಕೆ ಆರು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಹದಿನಾರು ಸಲ ಫ್ಲಶ್ ಆಗುತ್ತದೆ ಎಂದಿಟ್ಟುಕೊಳ್ಳಿ. ಹಳೆಯದಕ್ಕೆ 160 ಲೀಟರ್. ಹೊಸದಕ್ಕೆ ಹನ್ನೆರಡು ಚಿಕ್ಕದು, ನಾಲ್ಕು ದೊಡ್ಡದು ಸೇರಿ 60. ದಿನಕ್ಕೆ ನೂರು ಲೀಟರ್ ಉಳಿಯಿತು, ಕಮೋಡು ಬದಲಿಸುವ ಪ್ರಮೇಯವೇ ಬರಲಿಲ್ಲ. ಗೋಡೆಗೆ ನೇತುಹಾಕಿದ ಬಿಡಿ ಟ್ಯಾಂಕಾಗಿದ್ದರೆ ಟ್ಯಾಂಕನ್ನಷ್ಟೇ ಬದಲಿಸಬಹುದು. ಅದಕ್ಕೂ ಈಗ ಕೈಯಾಡದಿದ್ದರೆ ಒಂದು ಲೀಟರಿನ ಬಾಟಲಿಗೆ ನೀರು ತುಂಬಿ ಮುಚ್ಚಳ ಬಿಗಿದು ಟ್ಯಾಂಕಿನೊಳಗೆ ನಿಲ್ಲಿಸಿ, ಪ್ರತಿ ಸಲ ಒಂದು ಲೀಟರ್ ಕಡಿಮೆ ಹೋಗುತ್ತದೆ. ಇಟ್ಟಿಗೆ ಇಡಬೇಡಿ, ಕರಗಿ ಪುಡಿಯಾಗಿ ವಾಷರ್ ಹಾಳುಮಾಡುತ್ತದೆ.

ಟ್ಯಾಂಕು ಸದ್ದಿಲ್ಲದೆ ಸೋರುತ್ತಿದೆಯೇ ಎಂದು ತಿಳಿಯಲು ಕಾಫಿ ಡಿಕಾಕ್ಷನ್ ಸಾಕು. ರಾತ್ರಿ ಮಲಗುವ ಮುನ್ನ ಅರ್ಧ ಲೋಟ ಗಟ್ಟಿ ಡಿಕಾಕ್ಷನನ್ನು ಫ್ಲಶ್ ಟ್ಯಾಂಕಿಗೆ ಸುರಿದು, ಯಾರೂ ಫ್ಲಶ್ ಮಾಡದಂತೆ ಹೇಳಿ. ಅರ್ಧ ಗಂಟೆಯ ನಂತರ ಕಮೋಡಿನೊಳಗಿನ ನೀರು ಕಂದುಬಣ್ಣಕ್ಕೆ ತಿರುಗಿದ್ದರೆ ವಾಷರ್ ಹೋಗಿದೆ. ಪ್ಲಂಬರ್ ಕರೆಸಿ.

ಸ್ನಾನಕ್ಕೆ ನಮ್ಮ ಬಕೆಟ್-ಚೊಂಬನ್ನು ಮೀರಿಸಿದ ಹಸಿರು ತಂತ್ರಜ್ಞಾನ ಇನ್ನೂ ಬಂದಿಲ್ಲ. ಸಾಮಾನ್ಯ ಶವರಿನಲ್ಲಿ ಐದು ನಿಮಿಷ ನಿಂತರೆ ಐವತ್ತು-ಅರವತ್ತು ಲೀಟರ್. ಬಕೆಟ್ ಸ್ನಾನಕ್ಕೆ ಇಪ್ಪತ್ತು. ಗೀಸರಿನ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ಹದಿನೈದು ಲೀಟರ್ ನೀರನ್ನು 22 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಕರೆಂಟ್ ಬೇಕು. ಸೋಲಾರ್ ಇದ್ದರೆ ಅದೂ ಇಲ್ಲ. ಆದರೆ ಸೋಲಾರ್ ಇರುವವರು ಬೆಳಿಗ್ಗೆ ಬಿಸಿನೀರು ಬರುವ ತನಕ ತಣ್ಣೀರು ಹರಿಯಬಿಡುತ್ತಾರೆ. ಮುಕ್ಕಾಲು ಇಂಚಿನ ಪೈಪು ಟೆರೇಸಿನಿಂದ ಇಪ್ಪತ್ತು ಮೀಟರ್ ಸುತ್ತಿ ಬಂದರೆ ಅದರೊಳಗೇ ಐದು ಲೀಟರ್ ತಣ್ಣೀರು ಕೂತಿರುತ್ತದೆ. ಅದಕ್ಕೊಂದು ಬಕೆಟ್ ಹಿಡಿಯಿರಿ. ಪೈಪಿಗೆ ಕಪ್ಪು ಫೋಮಿನ ತೋಳು ತೊಡಿಸಿದರೆ ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಬರುವಷ್ಟರಲ್ಲಿ ಪೈಪಿನೊಳಗಿನ ನೀರು ಆರುವುದಿಲ್ಲ.

ಒದ್ದೆ ಬಚ್ಚಲಿಗೆ ಒಣ ಮೂಲೆ

ಮೊಬೈಲಿನಲ್ಲಿ ಕಾಣುವ ಚಂದದ ಬಚ್ಚಲುಗಳಲ್ಲಿ ಮರದ ಹಲಗೆ, ಬಿದಿರಿನ ಏಣಿ, ಬೆತ್ತದ ಬುಟ್ಟಿ ಇರುತ್ತವೆ. ಅವು ನೆಲಕ್ಕೆ ನೀರೇ ಬೀಳದ ದೇಶಗಳ ಬಚ್ಚಲುಗಳು. ನಮ್ಮದು ದಿನಕ್ಕೆರಡು ಸಲ ನೆಲ, ಗೋಡೆ ಎಲ್ಲ ತೊಯ್ಯುವ ಜಾಗ. ಇಲ್ಲಿ ಬಿದಿರಿನ ಏಣಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು ಕಪ್ಪಾಗುತ್ತದೆ. ತೀರ್ಥಹಳ್ಳಿ, ಪುತ್ತೂರಿನ ಕಡೆ ಒಂದು ತಿಂಗಳೇ ಹೆಚ್ಚು. ಬಚ್ಚಲಿನಲ್ಲಿ ಬಾಳುವುದು ಕಲ್ಲು, ಪಿಂಗಾಣಿ, ಸ್ಟೀಲ್, ಹಿತ್ತಾಳೆ. ಸೋಪು, ಶಾಂಪೂ ಇಡಲು ಮೂಲೆಗೊಂದು ಕಡಪ ಕಲ್ಲಿನ ತುಂಡು ಕೂರಿಸಿದರೆ ಪ್ಲಾಸ್ಟಿಕ್ ಸ್ಟ್ಯಾಂಡನ್ನು ವರ್ಷಕ್ಕೊಂದರಂತೆ ಬಿಸಾಡುವುದು ತಪ್ಪುತ್ತದೆ.

ನಾಲ್ಕಡಿ ಅಗಲದಲ್ಲಿ ಗಾಜಿನ ಗೋಡೆ ನಿಲ್ಲಿಸಿದರೆ ಮೊಣಕೈ ತಾಗುತ್ತದೆ. ಅದರ ಬದಲು ಸ್ನಾನದ ಜಾಗಕ್ಕೆ ಎರಡಿಂಚು ಎತ್ತರದ ಕಲ್ಲಿನ ಅಂಚುಕಟ್ಟೆ ಸಾಕು. ನೀರು ಅಲ್ಲೇ ನಿಂತು ಟ್ರ್ಯಾಪಿಗೆ ಇಳಿಯುತ್ತದೆ, ಕಮೋಡಿನ ಬದಿ ಒಣಗಿರುತ್ತದೆ. ಇಳಿಜಾರು ಸರಿಯಿದೆಯೇ ಎಂದು ನೋಡಲು ಟೈಲ್ಸ್ ಹಾಕಿದ ದಿನವೇ ಎದುರು ಮೂಲೆಯಲ್ಲಿ ಒಂದು ಚೊಂಬು ನೀರು ಸುರಿಯಿರಿ. ದಾರಿಯಲ್ಲಿ ಎಲ್ಲಾದರೂ ಮಡು ನಿಂತರೆ ಮೇಸ್ತ್ರಿಯ ಬಾಕಿ ಹಣ ಕೊಡುವ ಮೊದಲೇ ಸರಿಮಾಡಿಸಿ. ನೆಲ ಬೇಗ ಒಣಗುವ ಬಚ್ಚಲಿಗೆ ಫಿನೈಲೂ ಕಡಿಮೆ ಬೇಕು, ಆಸಿಡ್ಡಂತೂ ಬೇಡವೇ ಬೇಡ.

ಎಕ್ಸಾಸ್ಟ್ ಫ್ಯಾನ್ ಹಾಕಿಸಿಯೂ ವಾಸನೆ ಹೋಗುತ್ತಿಲ್ಲ ಎನ್ನುವವರು ಬಾಗಿಲಿನ ಕೆಳಗೆ ನೋಡಬೇಕು. ಒಳಗಿನ ಗಾಳಿ ಹೊರಹೋಗಬೇಕಾದರೆ ಹೊರಗಿನದು ಒಳಬರಲು ಸಂದು ಬೇಕಲ್ಲ? ಬಾಗಿಲು ಹೊಸ್ತಿಲಿಗೆ ಬಿಗಿಯಾಗಿ ಕೂತಿದ್ದರೆ ಫ್ಯಾನು ಸುಮ್ಮನೆ ತಿರುಗುತ್ತಿರುತ್ತದೆ. ಅರ್ಧ ಇಂಚು ಸಂದು ಬಿಡಿಸಿ. ಊದುಬತ್ತಿ ಹಚ್ಚಿ ಆ ಸಂದಿನ ಬಳಿ ಹಿಡಿದರೆ ಹೊಗೆ ಒಳಕ್ಕೆ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ.

ತೊಳೆಯುವ ದ್ರವವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು ಕೊಳೆಸಿ ಸೋಸಿದರೆ ಬಯೋಎಂಜೈಮ್ ಸಿದ್ಧ. ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಮರೆತರೆ ಡಬ್ಬಿ ಸಿಡಿಯುತ್ತದೆ. ಗಾಜಿನ ಜಾಡಿ ಬೇಡ ಎನ್ನುವುದು ಅದಕ್ಕೇ. ಶಹಾಬಾದ್ ಕಲ್ಲಿನ ನೆಲಕ್ಕೆ ಇದನ್ನೂ ಬಳಸಬೇಡಿ, ಇದೂ ಹುಳಿಯೇ. ಉಜ್ಜಲು ಬಲಿತು ಒಣಗಿದ ತುಪ್ಪದ ಹೀರೆಯ ನಾರು ಸಾಕು.

ಕೋಣೆಯೊಳಗಿನ ಹೊಸ ವಾಸನೆ

ಹೊಸ ವಾರ್ಡ್‌ರೋಬ್ ಬಾಗಿಲು ತೆರೆದರೆ ಕಣ್ಣುರಿಯುವಂಥ ಘಾಟು ಬರುತ್ತದಲ್ಲ, ಅದನ್ನು ಹೊಸತನದ ಗುರುತೆಂದು ನಾವು ಸಂತೋಷಪಡುತ್ತೇವೆ. ಪ್ಲೈವುಡ್, ಪಾರ್ಟಿಕಲ್ ಬೋರ್ಡ್, ಎಂಡಿಎಫ್‌ಗಳಲ್ಲಿ ಮರದ ಪದರ ಅಥವಾ ಪುಡಿಯನ್ನು ಹಿಡಿದಿಡುವ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅದರಲ್ಲಿ ಮುಖ್ಯ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸೆಕೆ, ತೇವ ಹೆಚ್ಚಿದಷ್ಟೂ ಹೆಚ್ಚು ಹೊರಬರುತ್ತದೆ. ದೊಡ್ಡ ಬಂಗಲೆಯಲ್ಲಿ ಚದುರಿಹೋಗುವ ಇದೇ ಅನಿಲ, ಕಿಟಕಿ ಮುಚ್ಚಿ ಎಸಿ ಹಾಕಿದ ಹತ್ತಡಿ ಕೋಣೆಯಲ್ಲಿ ಮಲಗಿದವರ ಮೂಗಿನ ಮುಂದೆಯೇ ನಿಲ್ಲುತ್ತದೆ.

ಹಾಗಾಗಿ ಸಣ್ಣ ಕೋಣೆಯವರೇ ಪ್ಲೈವುಡ್ಡಿನ ಬಗ್ಗೆ ಹೆಚ್ಚು ಜಗಳವಾಡಬೇಕು. ಅಂಗಡಿಯಲ್ಲಿ ಇ-0 ಅಥವಾ ಇ-1 ದರ್ಜೆ ಕೇಳಿ. ಸೊನ್ನೆಯದ್ದು ಕಡಿಮೆ ಅನಿಲ ಬಿಡುವಂಥದ್ದು. ಐಎಸ್ 303, ಐಎಸ್ 710 ಎಂಬ ಮುದ್ರೆಗಳು ನೀರು ತಡೆಯುವ ಶಕ್ತಿ, ಗಟ್ಟಿತನಕ್ಕೆ ಸಂಬಂಧಿಸಿದವು, ಅವನ್ನೇ ತೋರಿಸಿ ಅನಿಲದ ಪ್ರಶ್ನೆ ಮರೆಸಲು ಬಿಡಬೇಡಿ. ಬಡಗಿಗೆ ಹೇಳಬೇಕಾದ್ದು ಇನ್ನೊಂದಿದೆ. ಹೊರಗೆ ಚಂದದ ಲ್ಯಾಮಿನೇಟ್ ಅಂಟಿಸಿ, ಒಳಬದಿ, ಹಿಂಬದಿ, ಕೊಯ್ದ ಅಂಚುಗಳನ್ನು ಬರಿದೇ ಬಿಟ್ಟುಬಿಡುತ್ತಾರೆ. ಅನಿಲ ಅತಿ ಹೆಚ್ಚು ಹೊರಬರುವುದು ಆ ಬರಿ ಅಂಚಿನಿಂದ. ಎಲ್ಲ ಬದಿಗೂ ಲ್ಯಾಮಿನೇಟ್, ಎಲ್ಲ ಅಂಚಿಗೂ ಪಟ್ಟಿ ಎಂದು ಕೊಟೇಶನ್ನಿನಲ್ಲೇ ಬರೆಸಿ. ಕೆಲಸ ಮುಗಿದ ಮೇಲೆ ಒಂದೆರಡು ವಾರ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕಿಟಕಿ ತೆಗೆದು, ಆ ಕೋಣೆಯಲ್ಲಿ ಮಲಗದಿದ್ದರೆ ಒಳ್ಳೆಯದು. ಹಸುಗೂಸಿಗೆಂದು ಸಿದ್ಧಮಾಡುತ್ತಿರುವ ಕೋಣೆಯಾದರೆ ಕೆಲಸವನ್ನು ತಿಂಗಳುಗಳ ಮೊದಲೇ ಮುಗಿಸಿ.

ಪ್ಲೈವುಡ್ಡೇ ಏಕೆ ಬೇಕು ಎಂದು ಕೇಳುವವರಿಗೆ ಕಾಫಿ ತೋಟಗಳ ನೆರಳಿನ ಸಿಲ್ವರ್ ಓಕ್, ರಬ್ಬರ್ ಮರ, ಹಲಸು ಇವೆ. ಮೊದಲೆರಡು ನೆಟ್ಟು ಬೆಳೆಸಿದ ಮರಗಳು, ಕಾಡಿನ ತೇಗ-ಹೊನ್ನೆಯ ಮೇಲಿನ ಒತ್ತಡ ತಪ್ಪಿಸುತ್ತವೆ. ಚೆನ್ನಾಗಿ ಒಣಗಿಸಿ, ಹುಳು ಹಿಡಿಯದಂತೆ ಸಂಸ್ಕರಿಸಿದ್ದನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಸೊಟ್ಟಗಾಗುತ್ತವೆ. ಇವೆಲ್ಲಕ್ಕಿಂತ ಮೇಲು ಅಜ್ಜಿಮನೆ ಕೆಡಹುವಾಗ ಇಳಿಸಿದ ಬಾಗಿಲು, ತೊಲೆ. ನಲವತ್ತು-ಐವತ್ತು ವರ್ಷ ಒಣಗಿದ ಆ ಮರ ಇನ್ನು ಬಾಗುವುದಿಲ್ಲ, ಘಾಟೂ ಇಲ್ಲ. ಹಳೆ ಬಾಗಿಲಿನ ಎರಡು ಹಲಗೆಯಿಂದ ಆರಡಿ ಉದ್ದದ ಒಂಟಿ ಮಂಚ ಆರಾಮವಾಗಿ ಆಗುತ್ತದೆ.

ವಾರ್ಡ್‌ರೋಬಿಗೆ ಬಾಗಿಲೇ ಬೇಡ ಎಂದರೆ ಬಡಗಿ ವಿಚಿತ್ರವಾಗಿ ನೋಡುತ್ತಾನೆ. ಆದರೆ ಹತ್ತಡಿ ಕೋಣೆಯಲ್ಲಿ ಬಾಗಿಲು ತೆರೆಯಲು ಎರಡಡಿ ಜಾಗ ಖಾಲಿ ಬಿಡಬೇಕು. ಹಿಂದಿನವರು ಗೋಡೆಯಲ್ಲೇ ಕಡಪ ಕಲ್ಲಿನ ಕಪಾಟು ಮಾಡಿ ಮುಂದೆ ಪರದೆ ಇಳಿಬಿಡುತ್ತಿದ್ದರು. ದಪ್ಪ ಖಾದಿಯದ್ದೋ ಕೈಮಗ್ಗದ್ದೋ ಪರದೆ ಹಾಕಿದರೆ ಧೂಳು ತಡೆಯುತ್ತದೆ, ಬಟ್ಟೆಗೆ ಗಾಳಿಯಾಡುತ್ತದೆ, ಒಗೆದರೆ ಹೊಸದು. ಪ್ಲೈವುಡ್ಡಿನ ಖರ್ಚಿನಲ್ಲಿ ಬಾಗಿಲುಗಳ ಪಾಲು ಎಷ್ಟು ಎನ್ನುವುದು ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ಹಾಗೂ ಡ್ರಾಯರಿನ ಹಿಡಿಕೆ, ಬಟ್ಟೆ ನೇತುಹಾಕುವ ಗೂಟಕ್ಕೆ ಏನಾದರೂ ಬಣ್ಣ ಬೇಕೆನಿಸಿದರೆ ಚನ್ನಪಟ್ಟಣದ ಚಕ್ರದಲ್ಲಿ ತಿರುಗಿಸಿ ಅರಗು ಹಚ್ಚಿದ ಮರದ ಗುಂಡುಗಳಿವೆ. ಆಟಿಕೆ ಮಾಡುವವರು ಇದನ್ನೂ ಮಾಡಿಕೊಡುತ್ತಾರೆ.

ಪೆಟ್ಟಿಗೆ ಮಂಚದ ಬಗ್ಗೆ ಎರಡು ಮಾತು. ಬಯಲುಸೀಮೆಯಲ್ಲಿ ಅಡ್ಡಿಯಿಲ್ಲ. ಕರಾವಳಿ, ಮಲೆನಾಡಿನಲ್ಲಿ ಆಷಾಢ ಕಳೆದು ತೆರೆದರೆ ಒಳಗಿಟ್ಟ ಕಂಬಳಿಯೆಲ್ಲ ಬೂಷ್ಟು. ಅಲ್ಲಿ ಕಾಲಿರುವ ಮಂಚ, ಕೆಳಗೆ ಗಾಳಿಯಾಡುವ ಬುಟ್ಟಿಗಳೇ ಸರಿ. ಯಾವ ಸೀಮೆಯಾದರೂ ಮಂಚವನ್ನೂ ವಾರ್ಡ್‌ರೋಬನ್ನೂ ಹೊರಗೋಡೆಗೆ ಒತ್ತಿ ನಿಲ್ಲಿಸದೆ ಎರಡಿಂಚು ಬಿಡಿ.

ಹಾಸಿಗೆಗೆ ಹತ್ತಿ ಇನ್ನೂ ಸೋತಿಲ್ಲ. ಫೋಮ್ ಹಾಸಿಗೆ ಕುಸಿದರೆ ಬಿಸಾಡಬೇಕು, ಕಸದವರೂ ಒಯ್ಯುವುದಿಲ್ಲ. ಹತ್ತಿ ಹಾಸಿಗೆ ಗಟ್ಟಿಯಾದರೆ ಬಿಚ್ಚಿ, ಎಕ್ಕಿಸಿ, ಅದೇ ಹತ್ತಿಯನ್ನು ಹೊಸ ಬಟ್ಟೆಗೆ ತುಂಬಿಸಿದರೆ ಮತ್ತೆ ಕೆಲವು ವರ್ಷ. ಆ ಕೆಲಸದವರು ಈಗಲೂ ಸಣ್ಣ ಊರುಗಳ ಬೀದಿಯಲ್ಲಿ ಸಿಗುತ್ತಾರೆ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕುವಷ್ಟು ಟೆರೇಸು ಇಲ್ಲದವರಿಗೆ, ಭಾರ ಎತ್ತಲಾಗದವರಿಗೆ ತೆಂಗಿನ ನಾರಿನ ಹಾಸಿಗೆ ಆದೀತು. ಹೊದಿಯಲು ಉತ್ತರ ಕರ್ನಾಟಕದ ಕೌದಿ, ಹಾಸಲು ನವಲಗುಂದದ ಜಮಖಾನ. ಎರಡೂ ಮಡಚಿಟ್ಟರೆ ಅಂಗೈಯಗಲ ಜಾಗ ಬೇಡುವುದಿಲ್ಲ ಎಂದರೆ ಅತಿಶಯೋಕ್ತಿಯಾದೀತು, ಆದರೆ ಕೆಳಗೆ ಹಾಸಿ ನಾಲ್ಕು ಜನ ನೆಂಟರನ್ನು ಮಲಗಿಸಿ ಬೆಳಿಗ್ಗೆ ಎತ್ತಿಟ್ಟರೆ ಕೋಣೆ ಮತ್ತೆ ಖಾಲಿ.

ಗೋಡೆ, ಗಾಳಿ, ಬೆಳಕು

ಸುಣ್ಣದ ಬಣ್ಣ ಗೋಡೆಗೆ ಒಳ್ಳೆಯದು, ಅದರ ಕ್ಷಾರಗುಣಕ್ಕೆ ಬೂಷ್ಟು ಬೆಳೆಯುವುದಿಲ್ಲ. ಆದರೆ ಪುಟ್ಟಿ ಹಚ್ಚಿ ಪ್ಲಾಸ್ಟಿಕ್ ಎಮಲ್ಶನ್ ಬಳಿದಿರುವ ಗೋಡೆಯ ಮೇಲೆ ಸುಣ್ಣ ನಿಲ್ಲದು, ಪೂರ್ತಿ ಕೆರೆಸಬೇಕು. ಮಂಚ ಗೋಡೆಗೆ ತಾಗುವಷ್ಟು ಸಣ್ಣ ಕೋಣೆಯಲ್ಲಿ ಬೆನ್ನಿಗೆ ಬಿಳಿ ಪುಡಿ ಅಂಟುವುದೂ ಇದೆ. ಅಂಥವರು ವಿಒಸಿ, ಅಂದರೆ ಗಾಳಿಗೆ ಆವಿಯಾಗಿ ಸೇರುವ ರಾಸಾಯನಿಕ, ಕಡಿಮೆಯಿರುವ ನೀರಿನ ಎಮಲ್ಶನ್ ತೆಗೆದುಕೊಳ್ಳಲಿ. ಖಾದಿ ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ಸಗಣಿಯಿಂದ ಮಾಡಿದ ಪ್ರಾಕೃತಿಕ್ ಪೇಂಟ್ ಬಿಡುಗಡೆ ಮಾಡಿತ್ತು. ಹತ್ತಿರದ ಖಾದಿ ಮಳಿಗೆಯಲ್ಲಿ ವಿಚಾರಿಸಬಹುದು. ಗೋಡೆ ತೇವದಿಂದ ಉಬ್ಬಿದ್ದರೆ ಯಾವ ಬಣ್ಣವೂ ಬೇಡ, ಮೊದಲು ಸೋರಿಕೆ ಹುಡುಕಿ.

ಫಾಲ್ಸ್ ಸೀಲಿಂಗ್ ಬೇಡ. ಇರುವ ಎತ್ತರದಲ್ಲಿ ಅರ್ಧ ಅಡಿ ಕಳೆದು, ಫ್ಯಾನನ್ನು ತಲೆಯ ಹತ್ತಿರ ತಂದು, ಒಳಗೆ ಜಿರಳೆಗೆ ಜಾಗ ಮಾಡಿಕೊಡುವುದಷ್ಟೇ ಅದರ ಸಾಧನೆ. ಮೇಲಿನ ಮಹಡಿಯವರಿಗೆ ಸೆಕೆ ಕಾಡುತ್ತಿದ್ದರೆ ಟೆರೇಸಿಗೆ ಬಿಸಿಲು ಹಿಂದಿರುಗಿಸುವ ಬಿಳಿ ಲೇಪನ ಹಾಕಿಸಿ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ಬಿದಿರ ಚಿಕ್ಕು ಹೆಚ್ಚು ಕೆಲಸ ಮಾಡುತ್ತದೆ, ಬಿಸಿಲು ಗಾಜು ದಾಟುವ ಮೊದಲೇ ತಡೆಯಬೇಕು. ವಾಸ್ತು ಎಂದು ಮುಚ್ಚಿಸಿದ ಕಿಟಕಿಯಿದ್ದರೆ ತೆರೆಸಿ, ಸೊಳ್ಳೆ ಜಾಲರಿ ಹಾಕಿಸಿ.

ಫ್ಯಾನಿನ ಲೆಕ್ಕ ಸರಳ. ಹಳೆಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಆಸುಪಾಸು. ದಿನಕ್ಕೆ ಹತ್ತು ಗಂಟೆ ಓಡಿದರೆ ವರ್ಷಕ್ಕೆ 160 ಯೂನಿಟ್ಟಿಗೂ ಹೆಚ್ಚು ಉಳಿತಾಯ. 2023ರಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಚೀಟಿ ಕಡ್ಡಾಯವಾಗಿದೆ, ನೋಡಿ ಕೊಳ್ಳಿ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಸೊನ್ನೆ ಬರುತ್ತಿರುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. ಬಿಲ್ಲು ಸೊನ್ನೆಯಾದರೂ ಕರೆಂಟು ಎಲ್ಲೋ ಉತ್ಪಾದನೆಯಾಗಲೇಬೇಕು.

ಗಿಡಗಳು ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಮಾತು 1989ರ ನಾಸಾದ ಪ್ರಯೋಗದಿಂದ ಹಬ್ಬಿದ್ದು. ಅದು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಗಾಳಿಯಾಡುವ ಕೋಣೆಯಷ್ಟು ಪರಿಣಾಮ ಸಿಗಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕಾದೀತು ಎಂದರು. ಗಿಡ ಇಡಿ, ಕಣ್ಣಿಗೆ ಹಿತ. ಗಾಳಿಗೆ ಕಿಟಕಿ ತೆರೆಯಿರಿ. ಬಾಟಲಿ ನೀರಿನಲ್ಲಿ ಮನಿ ಪ್ಲಾಂಟ್ ಬೆಳೆಸುವವರು ವಾರಕ್ಕೊಮ್ಮೆ ನೀರು ಬದಲಿಸುವುದನ್ನು ಮರೆಯಬಾರದು. ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ನಿಂತ ತಿಳಿನೀರಿನಲ್ಲೇ.

ಬಾಡಿಗೆ ಮನೆಯವರಿಗೆ

ಮನೆ ಖಾಲಿ ಮಾಡುವಾಗ ಪೇಂಟಿಂಗ್ ಚಾರ್ಜೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಊರಿನಲ್ಲಿ ಗೋಡೆ ಮುಟ್ಟುವ ಗೋಜೇ ಬೇಡ. ಏರೇಟರ್, ಬಿಎಲ್‌ಡಿಸಿ ಫ್ಯಾನು, ಎಲ್‌ಇಡಿ ಬಲ್ಬು, ಖಾದಿ ಪರದೆ ಇವೆಲ್ಲ ನಿಮ್ಮ ಜೊತೆ ಮುಂದಿನ ಮನೆಗೂ ಬರುತ್ತವೆ. ಬಿಚ್ಚಿದ ಹಳೆ ಫ್ಯಾನು, ಜಾಲರಿಗಳನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟು ಹೋಗುವಾಗ ವಾಪಸು ಹಾಕಿಸಿದರಾಯಿತು. ಫ್ಲಶ್ ಟ್ಯಾಂಕು ಬದಲಿಸಲು ಮಾಲೀಕರನ್ನು ಒಪ್ಪಿಸುವುದೂ ಕಷ್ಟವಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ದುಡ್ಡು ಕೊಡುವುದು ಅವರೇ ಆಗಿದ್ದರಂತೂ ದಿನಕ್ಕೆ ನೂರು ಲೀಟರ್ ಎಂಬ ಲೆಕ್ಕ ಬೇಗ ಅರ್ಥವಾಗುತ್ತದೆ.

ಕೈಯಲ್ಲಿರುವುದು ಐದಾರು ಸಾವಿರ ರೂಪಾಯಿ ಮಾತ್ರ ಎಂದಾದರೆ ಅದನ್ನು ಏರೇಟರಿಗೆ, ಫ್ಲಶ್ ಟ್ಯಾಂಕಿಗೆ, ಮಲಗುವ ಕೋಣೆಯ ಒಂದು ಫ್ಯಾನಿಗೆ ಹಾಕಿ. ಮುಂದಿನ ತಿಂಗಳು ಗ್ರೌಟ್ ಮತ್ತು ಬಾಗಿಲ ಸಂದಿನ ಕೆಲಸ. ವಾರ್ಡ್‌ರೋಬಿನ ಕೊಟೇಶನ್ ತರಿಸುವ ಮುನ್ನ ವರ್ಷದಿಂದ ಉಡದ ಬಟ್ಟೆಗಳನ್ನು ಒಮ್ಮೆ ಹೊರಗೆ ತೆಗೆದು ನೋಡಿ, ಕೇಳಬೇಕಾದ ಅಳತೆ ಅರ್ಧಕ್ಕೆ ಇಳಿದಿರುತ್ತದೆ.